ಎಣಿಸುವ ಮುನ್ನ ನೋಡುವುದು

ಹೈಕು ಬರೆಯಲು ಹೊರಟವರಿಗೆ ಮೊದಲು ದೊರೆಯುವ ಪಾಠ 5-7-5 ಎಂಬ ಲೆಕ್ಕ. ಮೂರು ಸಾಲು, 17 ಅಕ್ಷರ, ಒಂದಿಷ್ಟು ಪ್ರಕೃತಿ ಇದ್ದರೆ ಹೈಕು ಸಿದ್ಧ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಬಾಗಿಲಿನ ಚಿಲಕವನ್ನು ತೋರಿಸಿ ಇದೇ ಮನೆ ಎಂದಂತೆ.

ಆ ಲೆಕ್ಕವಾದರೂ ಸರಿಯೇ? ಜಪಾನೀಯರು ಎಣಿಸುವುದು ನಮ್ಮ ಅಕ್ಷರವನ್ನಲ್ಲ, ‘ಒನ್’ ಎಂಬ ಧ್ವನಿಮಾನವನ್ನು. ದೀರ್ಘಸ್ವರಕ್ಕೆ ಎರಡು ಎಣಿಕೆ. ಅರ್ಧ ‘ನ’ಕಾರಕ್ಕೂ ಒಂದು. ‘ಟೋಕ್ಯೋ’ ನಮಗೆ ಎರಡಕ್ಷರ, ಅವರಿಗೆ ನಾಲ್ಕು ಒನ್. ಲಘುವಿಗೆ ಒಂದು, ಗುರುವಿಗೆ ಎರಡು ಎನ್ನುವ ನಮ್ಮ ಮಾತ್ರಾಗಣನೆಯೇ ಇದಕ್ಕೆ ಹತ್ತಿರ. ಆದ್ದರಿಂದ ಕನ್ನಡದ 17 ಅಕ್ಷರಗಳು ಸಾಮಾನ್ಯವಾಗಿ ಮೂಲದ ಅಳತೆಯನ್ನು ಮೀರುತ್ತವೆ. ಮೂರು ಸಾಲೂ ಕಟ್ಟಳೆಯಲ್ಲ. ಜಪಾನಿನಲ್ಲಿ ಹೈಕುವನ್ನು ಮೇಲಿನಿಂದ ಕೆಳಕ್ಕೆ ಒಂದೇ ಸಾಲಿನಲ್ಲಿ ಅಚ್ಚಿಸುವುದು ವಾಡಿಕೆ.

ಲೆಕ್ಕಕ್ಕಿಂತ ಮುಖ್ಯವಾದುವು ಎರಡು. ಮೊದಲನೆಯದು ‘ಕಿಗೊ’ ಎಂಬ ಋತುಸೂಚಕ ಪದ. ಇಂಥ ಪದಗಳನ್ನು ಋತುವಾರು ಜೋಡಿಸಿದ ‘ಸೈಜಿಕಿ’ ಎಂಬ ಕೋಶಗಳೇ ಇವೆ. ಅಲ್ಲಿ ಕಪ್ಪೆ ಎಂದರೆ ವಸಂತ, ಬರಿದೇ ಚಂದ್ರ ಎಂದರೆ ಶರತ್ಕಾಲ. ಎರಡನೆಯದು ‘ಕಿರೆಜಿ’, ಮಾತನ್ನು ಕಡಿದು ನಡುವೆ ಮೌನವನ್ನು ಇರಿಸುವ ಪದ. ಎರಡು ನೋಟಗಳ ಸಂಬಂಧವನ್ನು ಕವಿ ವಿವರಿಸುವುದಿಲ್ಲ. ಆ ಕೆಲಸ ಓದುಗನದು.

ಈ ಸಂಯಮವನ್ನು ಕಲಿಯುವುದು ಹೇಗೆ? ಸರಣಿಪದ್ಯದ ಮೊದಲ ಚರಣವನ್ನು ಸ್ವತಂತ್ರ ಕವಿತೆಯಾಗಿ ನಿಲ್ಲಿಸಿ ‘ಹೈಕು’ ಎಂಬ ಹೆಸರನ್ನು ನೆಲೆಗೊಳಿಸಿದ ಮಸಾವೊಕ ಶಿಕಿ (1867-1902) ಕೊಟ್ಟ ಉತ್ತರ ‘ಶಾಸೆಯ್’, ಅಂದರೆ ಕಂಡದ್ದನ್ನು ಕಂಡಂತೆ ಚಿತ್ರಿಸುವುದು. ಪಾಶ್ಚಾತ್ಯ ಚಿತ್ರಕಲೆಯ ಪರಿಚಯದಿಂದ ಅವರಿಗೆ ಹೊಳೆದ ದಾರಿಯಿದು. ಕ್ಷಯರೋಗ ಬೆನ್ನೆಲುಬಿಗೆ ಹರಡಿ ಕೊನೆಯ ವರ್ಷಗಳನ್ನು ಹಾಸಿಗೆಯಲ್ಲೇ ಕಳೆದ ಶಿಕಿಗೆ ಟೋಕ್ಯೋದ ಮನೆಯ ಪುಟ್ಟ ತೋಟವೇ ಜಗತ್ತಾಯಿತು. ಕಫಕ್ಕೆ ಔಷಧಿಯೆಂದು ಅಲ್ಲಿ ಬೆಳೆಸಿದ್ದ ತುಪ್ಪದ ಹೀರೆಯೇ ಸಾವಿನ ಮುನ್ನಾದಿನ ಅವರು ಬರೆದ ಮೂರು ಹೈಕುಗಳಿಗೂ ವಸ್ತು. ಆಗ ಅವರಿಗೆ 34 ವರ್ಷ.

ಆದರೂ ಶಾಸೆಯ್ ತತ್ತ್ವವನ್ನು ಕಣ್ಣುಮುಚ್ಚಿ ಒಪ್ಪಲಾಗದು. ಕಂಡದ್ದನ್ನೆಲ್ಲ ಬರೆದರೆ ಉಳಿಯುವುದು ಪಟ್ಟಿ, ಕವಿತೆಯಲ್ಲ. ಶಿಕಿ ಬಹುವಾಗಿ ಮೆಚ್ಚಿದ ಬುಸೊನ್ (1716-1784) ಚಿತ್ರಕಾರನಾಗಿದ್ದೂ ಕಲ್ಪನೆಯಿಂದ ಧಾರಾಳವಾಗಿ ಬರೆದವನು. ತೀರಿಹೋದ ಹೆಂಡತಿಯ ಬಾಚಣಿಗೆಯನ್ನು ಕುರಿತು ಅವನು ಬರೆದಾಗ ಅವನ ಪತ್ನಿ ಬದುಕಿಯೇ ಇದ್ದಳು. ಆದ್ದರಿಂದ ನೋಟ ಆರಂಭ ಮಾತ್ರ. ಕಂಡದ್ದರಲ್ಲಿ ಯಾವುದನ್ನು ಬಿಡಬೇಕೆಂಬ ವಿವೇಕವೇ ಹೈಕುವಿನ ನಿಜವಾದ ಶಿಕ್ಷಣ.

ಆ ವಿವೇಕವನ್ನು ಜಪಾನೀಯರು ‘ಕುಕಾಯ್’ ಎಂಬ ಕೂಟದಲ್ಲಿ ಗಳಿಸುತ್ತಾರೆ. ಹೆಸರಿಲ್ಲದ ಚೀಟಿಗಳಲ್ಲಿ ಕವಿತೆಗಳನ್ನು ಒಪ್ಪಿಸುತ್ತಾರೆ. ಕೈಬರಹದ ಗುರುತು ಸಿಗದಂತೆ ಅವನ್ನು ಬೇರೆಯವರು ನಕಲು ಮಾಡುತ್ತಾರೆ. ಬಳಿಕ ಎಲ್ಲರೂ ಮೆಚ್ಚಿದ್ದನ್ನು ಆರಿಸುತ್ತಾರೆ. ಗುರುವಿನ ಕವಿತೆಗೂ ಹೊಸಬನ ಕವಿತೆಗೂ ಅಲ್ಲಿ ಒಂದೇ ತಕ್ಕಡಿ. ಮೆಚ್ಚುಗೆಯ ಹಸಿವಿಗೆ ಇದಕ್ಕಿಂತ ಒಳ್ಳೆಯ ಉಪವಾಸವಿಲ್ಲ.

ನೀವೂ ಬರೆಯಲು ಕುಳಿತರೆ, ಬರೆದುದನ್ನು ಮರುದಿನ ಮತ್ತೆ ಓದಿ. ಸುಂದರ, ಅದ್ಭುತ, ದುಃಖ ಎಂಬ ಪದಗಳಿದ್ದರೆ ಅಳಿಸಿ ನೋಡಿ. ಉಳಿದ ಮಳೆಹನಿಯೋ ಎಲೆಯೋ ತಾನೇ ಆ ಮಾತನ್ನು ಹೇಳುತ್ತಿದ್ದರೆ ಕವಿತೆ ನಿಂತಿದೆ. ಇಲ್ಲವಾದರೆ ಲೇಖನಿಯನ್ನು ಕೆಳಗಿಟ್ಟು ಇನ್ನೊಮ್ಮೆ ಹೊರಗೆ ಹೋಗಿ ನೋಡಬೇಕು.