ಕಲ್ಲಿದ್ದಲು ಪಿಂಚಣಿ: ತಲೆ ಎಣಿಸುವ ಲೆಕ್ಕ ಸಾಲದು

1998ರ ಮಾರ್ಚ್ 31ರಿಂದ ಜಾರಿಯಲ್ಲಿರುವ ಕಲ್ಲಿದ್ದಲು ಗಣಿ ಪಿಂಚಣಿ ಯೋಜನೆಯ ಲೆಕ್ಕ ಬಹಳ ಸರಳ. ಮೂವತ್ತು ವರ್ಷ ದುಡಿದವರಿಗೆ ಕಡೆಯ ಹತ್ತು ತಿಂಗಳ ಸರಾಸರಿ ಸಂಬಳದ ಕಾಲು ಭಾಗ ಪಿಂಚಣಿ. ಸೇವೆ ಅದಕ್ಕಿಂತ ಕಡಿಮೆಯಿದ್ದರೆ ಅದೇ ಪ್ರಮಾಣದಲ್ಲಿ ಕಡಿತ. ಝರಿಯಾ, ರಾಣಿಗಂಜ್, ಕೋರ್ಬಾ, ತಾಲ್ಚೇರ್, ಸಿಂಗರೇಣಿಯ ಗಣಿಗಳಿಂದ ನಿವೃತ್ತರಾದವರು ಮತ್ತು ಅವರ ವಿಧವೆಯರು ಸೇರಿ ಆರು ಲಕ್ಷಕ್ಕೂ ಹೆಚ್ಚು ಮಂದಿ ಧನಬಾದ್‌ನಲ್ಲಿ ಕೇಂದ್ರ ಕಚೇರಿಯಿರುವ ಕಲ್ಲಿದ್ದಲು ಗಣಿ ಭವಿಷ್ಯನಿಧಿ ಸಂಸ್ಥೆಯಿಂದ ಈ ಪಿಂಚಣಿ ಪಡೆಯುತ್ತಾರೆ. ಯೋಜನೆಯ ದೊಡ್ಡ ಕೊರತೆ ಅದರಲ್ಲಿ ಬರೆದಿರುವುದಕ್ಕಿಂತ ಬರೆಯದೆ ಬಿಟ್ಟಿರುವುದರಲ್ಲಿದೆ: ನಿವೃತ್ತಿಯ ದಿನ ಗೊತ್ತಾದ ಮೊತ್ತ ಸಾಯುವ ದಿನದವರೆಗೂ ಬದಲಾಗುವುದಿಲ್ಲ, ಏಕೆಂದರೆ ತುಟ್ಟಿಭತ್ಯೆ ಎಂಬುದೇ ಇದರಲ್ಲಿಲ್ಲ. ಒಂದು ಉದಾಹರಣೆ ನೋಡೋಣ. 2000ದಲ್ಲಿ 8,000 ರೂಪಾಯಿ ಸಂಬಳಕ್ಕೆ ನಿವೃತ್ತನಾದ, ಮೂವತ್ತು ವರ್ಷದ ಸೇವೆ ತುಂಬಿದ, ಟಬ್ಬಿಗೆ ಕಲ್ಲಿದ್ದಲು ತುಂಬುತ್ತಿದ್ದ ಒಬ್ಬ ಲೋಡರ್‌ಗೆ ಸಿಗುವುದು ತಿಂಗಳಿಗೆ 2,000 ರೂಪಾಯಿ. ಈಗಲೂ ಅವನ ಖಾತೆಗೆ ಬರುವುದು ಅದೇ 2,000. ಈ ಅವಧಿಯಲ್ಲಿ ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕ ನಾಲ್ಕು ಪಟ್ಟು ದಾಟಿದೆ. ಅಂದರೆ ಅವನ ಕೈಗೆ ಬರುವ ಹಣಕ್ಕೆ ಈಗ ಅಂದಿನ 500 ರೂಪಾಯಿಯಷ್ಟೂ ಬೆಲೆಯಿಲ್ಲ. ವಯಸ್ಸು ಹೆಚ್ಚಿದಷ್ಟೂ, ಔಷಧಿಯ ಖರ್ಚು ಏರಿದಷ್ಟೂ ಕರಗುತ್ತ ಹೋಗುವ ಪಿಂಚಣಿ ಇದು.

ಇದೇ ದೇಶದಲ್ಲಿ, ಹೆಚ್ಚುಕಡಿಮೆ ಇದೇ ಕಾಲದಲ್ಲಿ ರಾಷ್ಟ್ರೀಕರಣಗೊಂಡ ಇನ್ನೊಂದು ಉದ್ಯಮದ ಪಕ್ಕದಲ್ಲಿಟ್ಟು ನೋಡಿದರೆ ಅನ್ಯಾಯದ ಸ್ವರೂಪ ಸ್ಪಷ್ಟವಾಗುತ್ತದೆ. 1969ರಲ್ಲಿ ಹದಿನಾಲ್ಕು ಬ್ಯಾಂಕುಗಳು ಸರ್ಕಾರದ ಕೈಗೆ ಬಂದವು. ಕರಾವಳಿಯಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್ ಬ್ಯಾಂಕುಗಳೂ ಅವುಗಳಲ್ಲಿದ್ದವು. ಉಕ್ಕು ತಯಾರಿಕೆಗೆ ಬೇಕಾದ ಕೋಕಿಂಗ್ ಕಲ್ಲಿದ್ದಲಿನ ಗಣಿಗಳು 1972ರಲ್ಲಿ, ಉಳಿದವು 1973ರಲ್ಲಿ ರಾಷ್ಟ್ರೀಕರಣಗೊಂಡವು. ಬ್ಯಾಂಕ್ ನೌಕರರಿಗೆ 1995ರ ನಿಯಮಗಳ ಪ್ರಕಾರ ಪೂರ್ಣ ಸೇವೆಗೆ ಸರಾಸರಿ ವೇತನದ ಅರ್ಧದಷ್ಟು ಪಿಂಚಣಿ ಸಿಗುತ್ತದೆ, ಬೆಲೆ ಏರಿದಂತೆ ತುಟ್ಟಿಭತ್ಯೆಯೂ ಏರುತ್ತದೆ. ಬ್ಯಾಂಕಿನ ನಿವೃತ್ತರಿಗೂ ತಮ್ಮ ಮೂಲ ಪಿಂಚಣಿ ಪರಿಷ್ಕರಣೆಯಾಗಿಲ್ಲವೆಂಬ ನ್ಯಾಯವಾದ ದೂರಿದೆ. ಆದರೂ ಅವರ ನಿಧಿಗೆ ಕೊರತೆ ಬಿದ್ದರೆ ತುಂಬಿಕೊಡುವ ಹೊಣೆ ಬ್ಯಾಂಕಿನದೇ. ಕಲ್ಲಿದ್ದಲಿನಲ್ಲಿ ಕೊರತೆಯ ಹೊಣೆ ಯಾರದೆಂದು ಯೋಜನೆ ಖಚಿತವಾಗಿ ಹೇಳಲಿಲ್ಲ. ಹಾಗಾಗಿ ಅದು ತಾನಾಗಿಯೇ ಪಿಂಚಣಿದಾರರ ಹೆಗಲಿಗೆ ಬಿತ್ತು. ನಿಧಿಯ ಸ್ಥಿತಿಯನ್ನು ಮೂರು ವರ್ಷಕ್ಕೊಮ್ಮೆ ಮೌಲ್ಯಮಾಪನ ಮಾಡಿಸಿ, ವಂತಿಗೆಯ ದರವನ್ನೂ ಪಿಂಚಣಿಯ ಮೊತ್ತವನ್ನೂ ಪರಿಶೀಲಿಸಬೇಕೆಂದು ಯೋಜನೆಯಲ್ಲೇ ಒಂದು ಕಲಮು ಇದೆ. ಕಾರ್ಮಿಕರು ಅದನ್ನು ಓದಿಕೊಂಡದ್ದು ಪಿಂಚಣಿ ಕಾಲಕಾಲಕ್ಕೆ ಏರುತ್ತದೆಂಬ ಭರವಸೆಯಾಗಿ. ಕಾಲು ಶತಮಾನದಲ್ಲಿ ಒಮ್ಮೆಯೂ ಎಲ್ಲರ ಪಿಂಚಣಿ ಏರಲಿಲ್ಲ. ಬದಲಾದದ್ದು ಕನಿಷ್ಠ ಮೊತ್ತವೊಂದೇ. ಮೊದಲು 350 ರೂಪಾಯಿಯಿದ್ದದ್ದು 2024ರಲ್ಲಿ 1,000 ರೂಪಾಯಿ ಆಯಿತು. ಗಂಡನ ಪಿಂಚಣಿಯ ಒಂದು ಪಾಲಷ್ಟೇ ಪಡೆಯುವ ವಿಧವೆಯರಲ್ಲಿ ಎಷ್ಟೋ ಮಂದಿ ಈ ಕನಿಷ್ಠ ಗೆರೆಯ ಮೇಲೆಯೇ ನಿಂತಿದ್ದಾರೆ. ದಿನಕ್ಕೆ 33 ರೂಪಾಯಿ ಎಂಬುದು ಯಾವ ಊರಿನಲ್ಲೂ ಒಂದು ಊಟದ ಬೆಲೆಯಲ್ಲ.

ಪಿಂಚಣಿ ಏರಿಸಿ ಎಂದಾಗಲೆಲ್ಲ ಬರುವ ಉತ್ತರ ಒಂದೇ: ನಿಧಿಯಲ್ಲಿ ಹಣವಿಲ್ಲ. ಈ ಉತ್ತರ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಹಣ ಏಕಿಲ್ಲ ಎಂಬ ಪ್ರಶ್ನೆಯೇ ಇಡೀ ವಿಷಯದ ತಿರುಳು. 1975ರಲ್ಲಿ ರಾಷ್ಟ್ರೀಕೃತ ಗಣಿಗಳ ಕಂಪನಿಯಾಗಿ ಕೋಲ್ ಇಂಡಿಯಾ ಹುಟ್ಟಿದಾಗ ಅದರ ಉತ್ಪಾದನೆ ವರ್ಷಕ್ಕೆ 7.9 ಕೋಟಿ ಟನ್, ಕಾರ್ಮಿಕರು ಆರು ಲಕ್ಷಕ್ಕೂ ಹೆಚ್ಚು. 2024-25ರಲ್ಲಿ ಉತ್ಪಾದನೆ 78 ಕೋಟಿ ಟನ್ ದಾಟಿತು. ಕಾಯಂ ಕಾರ್ಮಿಕರು ಎರಡೂಕಾಲು ಲಕ್ಷದ ಆಸುಪಾಸಿಗೆ ಇಳಿದಿದ್ದಾರೆ. ಕಲ್ಲಿದ್ದಲು ಹತ್ತು ಪಟ್ಟಾಯಿತು, ತಲೆಗಳು ಸುಮಾರು ಮೂರನೆಯ ಒಂದಕ್ಕೆ ಬಂದವು. ಹಿಂದೆ ಬಹುಪಾಲು ಕಲ್ಲಿದ್ದಲು ಬರುತ್ತಿದ್ದದ್ದು ಭೂಗತ ಗಣಿಗಳಿಂದ. ಅಲ್ಲಿ ಒಂದೊಂದು ಟಬ್ಬನ್ನೂ ಮನುಷ್ಯನೇ ತುಂಬಿ, ಮನುಷ್ಯನೇ ತಳ್ಳಬೇಕಿತ್ತು. ಈಗ ಕೋಲ್ ಇಂಡಿಯಾದ ಉತ್ಪಾದನೆಯಲ್ಲಿ ಶೇ 96ರಷ್ಟು ತೆರೆದ ಗಣಿಗಳದು. ಮಣ್ಣು ತೆಗೆಯುವುದು, ಅಗೆಯುವುದು, ಸಾಗಿಸುವುದು ಬಹುಮಟ್ಟಿಗೆ ಹೊರಗುತ್ತಿಗೆಯವರ ಯಂತ್ರಗಳ ಕೆಲಸ. ಆದರೆ ಪಿಂಚಣಿ ನಿಧಿಗೆ ವಂತಿಗೆ ಬರುವುದು ಈಗಲೂ ಮುಖ್ಯವಾಗಿ ಕಾರ್ಮಿಕರ ಸಂಬಳದ ಮೇಲಿನ ಶೇಕಡಾವಾರು ಕಡಿತದಿಂದ. ಯಂತ್ರ ಬಂದು ಹತ್ತು ಮಂದಿಯ ಕೆಲಸ ಹೋದಾಗ ಉತ್ಪಾದನೆಯ ಲಾಭ ಕಂಪನಿಗೂ, ಅದರಲ್ಲಿ ಶೇ 63ರಷ್ಟು ಷೇರು ಹೊಂದಿರುವ ಕೇಂದ್ರ ಸರ್ಕಾರಕ್ಕೂ ಹೋಯಿತು. ಪಿಂಚಣಿ ನಿಧಿ ಹತ್ತು ವಂತಿಗೆಗಳನ್ನು ಕಳೆದುಕೊಂಡಿತು. ಗುತ್ತಿಗೆಯ ಕಾರ್ಮಿಕರನ್ನೂ ಸದಸ್ಯರನ್ನಾಗಿ ಮಾಡಬೇಕೆಂದು ಕಾನೂನಿದ್ದರೂ ಅದು ಪೂರ್ತಿಯಾಗಿ ನಡೆದಿಲ್ಲ. ಹೀಗಿರುವಾಗ ‘ನಿಧಿ ಕೊರತೆಯಲ್ಲಿದೆ’ ಎನ್ನುವುದು ಯಾರೂ ಮಾಡದ, ತಾನಾಗಿ ಒದಗಿದ ಕಷ್ಟವೆಂಬಂತೆ ಹೇಳುವ ಮಾತಾಗಬಾರದು. ಉದ್ಯಮದ ನಡಿಗೆ ಬದಲಾದರೂ ವಂತಿಗೆಯ ಅಳತೆಗೋಲು ಬದಲಾಗದೆ ಉಳಿದದ್ದರ ಫಲ ಅದು. ನನ್ನ ವಾದ ಇಷ್ಟೇ: ಕಲ್ಲಿದ್ದಲು ಪಿಂಚಣಿಯ ಹೊಣೆಯನ್ನು ತಲೆಯ ಮೇಲಲ್ಲ, ಟನ್ನಿನ ಮೇಲೆ ಹೊರಿಸಬೇಕು.

ಈ ತತ್ವ ಅರ್ಧಮರ್ಧವಾಗಿ ಆಗಲೇ ಒಪ್ಪಿಗೆಯಾಗಿದೆ. ನಿಧಿ ಬತ್ತುತ್ತಿರುವುದನ್ನು ಕಂಡು ಕೋಲ್ ಇಂಡಿಯಾ ಟನ್ ಒಂದಕ್ಕೆ 10 ರೂಪಾಯಿಯಂತೆ ಕೊಡಲು ಮುಂದಾಯಿತು. ದಿಕ್ಕು ಸರಿಯಾಗಿದೆ, ಮೊತ್ತ ಸಾಲದು, ಅದಕ್ಕೆ ಕಾಯ್ದೆಯ ಬಲವೂ ಇಲ್ಲ. ಮೊತ್ತ ಎಷ್ಟು ಸಣ್ಣದೆಂದು ತಿಳಿಯಲು ಒಂದು ರೈಲನ್ನು ನೋಡಿದರೆ ಸಾಕು. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯಿಲ್ಲ, ಆದರೆ ರಾಯಚೂರು, ಬಳ್ಳಾರಿ, ಯರಮರಸ್‌ನ ಶಾಖೋತ್ಪನ್ನ ವಿದ್ಯುತ್ ಕೇಂದ್ರಗಳು ಉರಿಸುವುದು ಹೊರಗಿನ ಗಣಿಗಳ ಕಲ್ಲಿದ್ದಲನ್ನೇ. ಒಡಿಶಾದ ಮಹಾನದಿ ಕೋಲ್‌ಫೀಲ್ಡ್ಸ್‌ನಿಂದ ಹೊರಡುವ ಒಂದು ಗೂಡ್ಸ್ ರೈಲಿನಲ್ಲಿ ಸುಮಾರು 4,000 ಟನ್ ಕಲ್ಲಿದ್ದಲು ಇರುತ್ತದೆ. ಟನ್ನಿಗೆ 10 ರೂಪಾಯಿಯಂತೆ ಅಂಥ ರೈಲೊಂದರಿಂದ ಪಿಂಚಣಿ ನಿಧಿಗೆ ಹೋಗುವುದು 40,000 ರೂಪಾಯಿ. 2016ರಿಂದ 2025ರ ಸೆಪ್ಟೆಂಬರ್‌ವರೆಗೆ ಅದೇ ಕಲ್ಲಿದ್ದಲಿನ ಮೇಲೆ ಟನ್ನಿಗೆ 400 ರೂಪಾಯಿ ಸೆಸ್ ಇತ್ತು. ಮೊದಲು ಪರಿಸರದ ಹೆಸರಿನಲ್ಲಿ, ಆಮೇಲೆ ರಾಜ್ಯಗಳಿಗೆ ಜಿಎಸ್‌ಟಿ ಪರಿಹಾರದ ಹೆಸರಿನಲ್ಲಿ. ಅಂದರೆ ಅದೇ ರೈಲಿನಿಂದ ಬೊಕ್ಕಸಕ್ಕೆ 16 ಲಕ್ಷ ರೂಪಾಯಿ. ಕಲ್ಲಿದ್ದಲು ಅಷ್ಟು ಭಾರ ಹೊರಬಲ್ಲದೆಂದು ಸರ್ಕಾರವೇ ವರ್ಷಗಟ್ಟಲೆ ತೋರಿಸಿಕೊಟ್ಟಿದೆ. ಆ ಹಣದಲ್ಲಿ ಪಾಲು ಸಿಗದೆ ಹೋದದ್ದು ಕಲ್ಲಿದ್ದಲು ತೆಗೆದವರಿಗೆ.

ಟನ್ನಿನ ಮೇಲೆ ಪಿಂಚಣಿ ವಂತಿಗೆ ಹಾಕಿದರೆ ವಿದ್ಯುತ್ ದುಬಾರಿಯಾಗುವುದಿಲ್ಲವೇ ಎಂಬ ಆಕ್ಷೇಪಕ್ಕೆ ಲೆಕ್ಕದಿಂದಲೇ ಉತ್ತರ ಹೇಳಬಹುದು. ನಮ್ಮ ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ ತಯಾರಿಸಲು ಸುಮಾರು 700 ಗ್ರಾಂ ಬೇಕು. ಟನ್ನಿಗೆ 10 ರೂಪಾಯಿ ಎಂದರೆ ಯೂನಿಟ್ಟಿಗೆ 0.7 ಪೈಸೆ, ಟನ್ನಿಗೆ 50 ರೂಪಾಯಿ ಮಾಡಿದರೂ ಮೂರೂವರೆ ಪೈಸೆ. ಇನ್ನೊಂದು ಕಡೆಯಿಂದ ನೋಡಿ: ಆರು ಲಕ್ಷ ಪಿಂಚಣಿದಾರರಿಗೆ ತಿಂಗಳಿಗೆ ತಲಾ 1,000 ರೂಪಾಯಿ ಹೆಚ್ಚಿಸಲು ವರ್ಷಕ್ಕೆ ಬೇಕಾಗುವುದು 720 ಕೋಟಿ. ಕೋಲ್ ಇಂಡಿಯಾದ 78 ಕೋಟಿ ಟನ್ನಿನ ಮೇಲೆ ಹತ್ತು ಹತ್ತು ರೂಪಾಯಿ ಹಾಕಿದರೆ 780 ಕೋಟಿ ಬರುತ್ತದೆ. ಮೊದಲ ಕೆಲವು ರೂಪಾಯಿಗಳು ಈಗಿರುವ ಕೊರತೆಯನ್ನೇ ನುಂಗುತ್ತವೆ, ನಿಜ. ಆದರೆ ಅದರ ಮೇಲಿನ ಪ್ರತಿ 10 ರೂಪಾಯಿಯೂ ಪ್ರತಿ ನಿವೃತ್ತರ ಕೈಗೆ ತಿಂಗಳಿಗೆ ಸಾವಿರದಷ್ಟು ತಲುಪಬಲ್ಲದು. ಈ ಭಾರವನ್ನು ವಿದ್ಯುತ್ ಗ್ರಾಹಕರ ಮೇಲೆ ಹಾಕಲೇಬೇಕೆಂಬ ಕಡ್ಡಾಯವೂ ಇಲ್ಲ. 2023-24ರಲ್ಲಿ ಕೋಲ್ ಇಂಡಿಯಾದ ನಿವ್ವಳ ಲಾಭ 37,000 ಕೋಟಿ ರೂಪಾಯಿ ಮೀರಿತ್ತು.

ಕಾರ್ಮಿಕರು ಕಟ್ಟಿದ್ದೇ ಕಡಿಮೆ, ಪಡೆಯುವುದೂ ಕಡಿಮೆಯೇ ಆಗಬೇಕಲ್ಲವೇ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಯೋಜನೆಯ ಮೊದಲ ಎರಡು ದಶಕಗಳಲ್ಲಿ ಕಾರ್ಮಿಕ ಮತ್ತು ಕಂಪನಿ ಸೇರಿ ಕಟ್ಟುತ್ತಿದ್ದ ವಂತಿಗೆ ಸಂಬಳದ ಶೇ 5ನ್ನೂ ಮುಟ್ಟಿರಲಿಲ್ಲ ಎಂಬುದು ಸತ್ಯ. 2017ರಲ್ಲಿ ಅದು ತಲಾ ಶೇ 7ರಂತೆ ಒಟ್ಟು ಶೇ 14ಕ್ಕೆ ಏರಿತು. ಆದರೆ ಹಳೆಯ ದರವನ್ನು ಗೊತ್ತುಮಾಡಿದವರು ಯಾರು? ಲೋಡರ್, ಟಬ್ಬು ತಳ್ಳುವ ಟ್ರಾಮರ್‌ಗಳಲ್ಲ. ಸರ್ಕಾರ ಅಧಿಸೂಚನೆ ಹೊರಡಿಸಿದ ಯೋಜನೆ ಅದು. ಕೇಳಿದ್ದನ್ನು ಅವರು ಕಟ್ಟಿದರು. ಸಾಲದೆಂದು ಗೊತ್ತಾದಾಗ ದರ ಬದಲಿಸಬೇಕಾದವರು ಬದಲಿಸಲು ಸುಮಾರು ಇಪ್ಪತ್ತು ವರ್ಷ ತೆಗೆದುಕೊಂಡರು, ಅದರ ಬೆಲೆಯನ್ನು ಅಷ್ಟರಲ್ಲಿ ನಿವೃತ್ತರಾದವರು ತೆರುತ್ತಿದ್ದಾರೆ. ಕೇಂದ್ರ ಸರ್ಕಾರ ತನ್ನ ಪಾಲಾಗಿ ಸಂಬಳದ ಶೇ 1.67ರಷ್ಟು ಕೊಡಬೇಕು, ಆದರೆ ಅದಕ್ಕೆ ಲೆಕ್ಕ ಹಿಡಿಯುವ ಸಂಬಳದ ಮಿತಿ 1,600 ರೂಪಾಯಿ. ಅಂದರೆ ತಲೆಗೆ ತಿಂಗಳಿಗೆ 27 ರೂಪಾಯಿಯೂ ಇಲ್ಲ. ಕಾರ್ಮಿಕ ಕಟ್ಟಿದ್ದು ಕಡಿಮೆಯೆಂದು ಎಣಿಸುವ ಕೈ ಈ 27 ರೂಪಾಯಿಯನ್ನೂ ಎಣಿಸಬೇಕು.

ಭವಿಷ್ಯನಿಧಿ, ಗ್ರಾಚ್ಯುಟಿ ಎಂದು ಇಡಿಗಂಟು ಸಿಕ್ಕಿದೆಯಲ್ಲ ಎಂಬ ಮಾತೂ ಇದೆ. 1997ರ ನಂತರ ಬಹಳ ಕಾಲ ಗ್ರಾಚ್ಯುಟಿಯ ಗರಿಷ್ಠ ಮಿತಿ 3.5 ಲಕ್ಷ ರೂಪಾಯಿಯೇ ಇತ್ತು. 2010ರಲ್ಲಿ 10 ಲಕ್ಷ, 2018ರಲ್ಲಿ 20 ಲಕ್ಷವಾಯಿತು. ಹಿಂದೆಯೇ ನಿವೃತ್ತರಾದವರಿಗೆ ಸಂಬಳ ಕಡಿಮೆ, ಗ್ರಾಚ್ಯುಟಿ ಕಡಿಮೆ, ಪಿಂಚಣಿ ಸವೆದುಹೋದದ್ದು. ಮೂರು ಕಡೆಯಿಂದಲೂ ಹೊಡೆತ ಬಿದ್ದದ್ದು ಅದೇ ತಲೆಮಾರಿಗೆ. ಭೂಗತ ಗಣಿಯ ಧೂಳನ್ನು ಜೀವಮಾನವಿಡೀ ಕುಡಿದು ಶ್ವಾಸಕೋಶ ಕೆಡಿಸಿಕೊಂಡವರೂ, 1975ರ ಡಿಸೆಂಬರಿನಲ್ಲಿ ಚಸ್ನಾಲಾ ಗಣಿಗೆ ನೀರು ನುಗ್ಗಿ 375 ಮಂದಿ ಸತ್ತ ಕಾಲದಲ್ಲಿ ಅಂಥದೇ ಗಣಿಗಳಿಗೆ ಇಳಿಯುತ್ತಿದ್ದವರೂ ಅವರೇ. ಈಗ ಕೆಲಸದಲ್ಲಿರುವವರಿಗೆ 2023ರ ಮೇ ತಿಂಗಳಲ್ಲಿ ಸಹಿಯಾದ ಹನ್ನೊಂದನೆಯ ವೇತನ ಒಪ್ಪಂದ ಶೇ 19ರಷ್ಟು ಕನಿಷ್ಠ ಏರಿಕೆ ತಂದುಕೊಟ್ಟಿತು. ಅದು ಅವರ ಹಕ್ಕು, ತಕರಾರಿಲ್ಲ. ಆದರೆ ಪ್ರತಿ ಒಪ್ಪಂದವೂ ಹೊಸ ನಿವೃತ್ತರಿಗೂ ಹಳಬರಿಗೂ ನಡುವಿನ ಕಂದಕವನ್ನು ಹಿಗ್ಗಿಸುತ್ತದೆ. ಒಂದೇ ಹುದ್ದೆಯಲ್ಲಿ ಒಂದೇ ಕೆಲಸ ಮಾಡಿದ ಇಬ್ಬರ ಪಿಂಚಣಿ ನಿವೃತ್ತಿಯ ಇಸವಿಯೊಂದರಿಂದಲೇ ಹಲವು ಪಟ್ಟು ಬೇರೆಯಾಗುವುದನ್ನು ಯಾವ ತತ್ವದಿಂದಲೂ ಸಮರ್ಥಿಸಲಾಗದು.

ನೌಕರರ ಭವಿಷ್ಯನಿಧಿಯ 1995ರ ಪಿಂಚಣಿ ಯೋಜನೆಯಲ್ಲಿರುವ ಖಾಸಗಿ ನೌಕರರಿಗೂ ಕನಿಷ್ಠ 1,000 ರೂಪಾಯಿಯೇ, ಕಲ್ಲಿದ್ದಲಿನವರಿಗೆ ಮಾತ್ರ ಏಕೆ ಹೆಚ್ಚು ಎಂದು ಕೇಳುವವರಿದ್ದಾರೆ. ಆ ಸಾವಿರವೂ 2014ರಿಂದ ಅಲ್ಲೇ ನಿಂತಿದೆ, ಅದೂ ಅನ್ಯಾಯವೇ. ಒಂದು ಅನ್ಯಾಯವನ್ನು ಇನ್ನೊಂದಕ್ಕೆ ಅಳತೆಯಾಗಿ ಇಟ್ಟುಕೊಂಡರೆ ಯಾರಿಗೂ ಏನೂ ಸಿಗುವುದಿಲ್ಲ. ಮೇಲಾಗಿ ಕಲ್ಲಿದ್ದಲಿಗೆ ಒಂದು ಅನುಕೂಲವಿದೆ: ಸಾವಿರಾರು ಬಗೆಯ ಉದ್ಯಮಗಳಿಗೆ ಹಂಚಿಹೋದ ಭವಿಷ್ಯನಿಧಿಗೆ ಇಲ್ಲದ, ತೂಕ ಹಾಕಿ ವಂತಿಗೆ ಎತ್ತಬಹುದಾದ ಒಂದೇ ಸರಕು ಇಲ್ಲಿದೆ.

ಹೆಚ್ಚು ಹಣ ಹಾಕಿದರೆ ಅದನ್ನು ಕಾಯುವವರು ಯಾರು ಎಂಬ ಅನುಮಾನವನ್ನು ನಾನು ತಳ್ಳಿಹಾಕಲಾರೆ. ಕಾರ್ಮಿಕರ ಹಣದಲ್ಲಿ ಸುಮಾರು 1,390 ಕೋಟಿ ರೂಪಾಯಿಯನ್ನು ಡಿಎಚ್‌ಎಫ್‌ಎಲ್ ಎಂಬ ಗೃಹಸಾಲ ಕಂಪನಿಯಲ್ಲಿ ಹೂಡಿ, ಅದು ಮುಳುಗಿದಾಗ 700 ಕೋಟಿಗೂ ಹೆಚ್ಚು ಕಳೆದುಕೊಂಡದ್ದು ಇದೇ ಕಲ್ಲಿದ್ದಲು ಗಣಿ ಭವಿಷ್ಯನಿಧಿ ಸಂಸ್ಥೆ. ಹೂಡಿಕೆಯ ನಿರ್ಧಾರದಲ್ಲಿ ದನಿಯಿಲ್ಲದ ನಿವೃತ್ತರು ನಷ್ಟದಲ್ಲಿ ಮಾತ್ರ ಪಾಲುದಾರರಾದರು. ಆದ್ದರಿಂದ ಟನ್ನಿನ ವಂತಿಗೆಯ ಜತೆಗೆ ಸರ್ಕಾರದ ಖಾತರಿಯೂ ಬೇಕು, ಖಾತರಿಗೆ ಷರತ್ತುಗಳೂ ಬೇಕು. ಬ್ರಿಟನ್ನಿನ ಅನುಭವ ಇಲ್ಲಿ ಎರಡು ಪಾಠ ಹೇಳುತ್ತದೆ. 1994ರಲ್ಲಿ ಅಲ್ಲಿನ ಗಣಿಗಳು ಖಾಸಗಿಯಾದಾಗ ಗಣಿ ಕಾರ್ಮಿಕರ ಪಿಂಚಣಿಗೆ ಸರ್ಕಾರ ಖಾತರಿ ನಿಂತಿತು. ಅದಕ್ಕೆ ಪ್ರತಿಯಾಗಿ ನಿಧಿಯ ಹೆಚ್ಚುವರಿಯಲ್ಲಿ ಅರ್ಧ ಪಾಲು ಬರೆಸಿಕೊಂಡಿತು. ಕೊನೆಯ ಆಳದ ಗಣಿ ಕೆಲಿಂಗ್ಲಿ 2015ರಲ್ಲಿ ಮುಚ್ಚಿತು, ಆದರೆ ಪಿಂಚಣಿ ನಿಲ್ಲಲಿಲ್ಲ. ಇದು ಮೊದಲ ಪಾಠ. ಎರಡನೆಯದು, ಕೈಯಿಂದ ಹಣ ಹಾಕದೆಯೇ ಸರ್ಕಾರ 400 ಕೋಟಿ ಪೌಂಡಿಗೂ ಹೆಚ್ಚು ಪಡೆದುಕೊಂಡಿತೆಂದು ಅಲ್ಲಿನ ಸಂಸದೀಯ ಸಮಿತಿಯೇ 2021ರಲ್ಲಿ ಟೀಕಿಸಿತು. 2024ರ ಅಕ್ಟೋಬರ್ ಬಜೆಟ್ಟಿನಲ್ಲಿ 150 ಕೋಟಿ ಪೌಂಡಿನ ಮೀಸಲು ನಿಧಿಯನ್ನು ಕಾರ್ಮಿಕರಿಗೆ ಬಿಟ್ಟುಕೊಡುವ ತೀರ್ಮಾನವಾಗಿ, ಒಂದು ಲಕ್ಷಕ್ಕೂ ಹೆಚ್ಚು ನಿವೃತ್ತರ ಪಿಂಚಣಿ ಶೇ 32ರಷ್ಟು ಏರಿತು. ಅಲ್ಲಿ ಜಗಳವಿದ್ದದ್ದು ಹೆಚ್ಚುವರಿ ಯಾರಿಗೆ ಎಂಬ ಬಗ್ಗೆ, ನಮ್ಮದು ಕೊರತೆ ಯಾರದು ಎಂಬ ಬಗ್ಗೆ. ಆದರೆ ಖಾತರಿಯ ಪತ್ರದಲ್ಲಿ ಇವೆರಡನ್ನೂ ಮೊದಲೇ ಬರೆದಿಡದಿದ್ದರೆ ನಷ್ಟವಾಗುವುದು ಮುದುಕರಿಗೇ.

ಕಲ್ಲಿದ್ದಲಿನ ಕಾಲವೇ ಮುಗಿಯುತ್ತಿದೆ, ಮುಳುಗುವ ಉದ್ಯಮದ ಮೇಲೆ ಹೊಸ ಹೊಣೆ ಏಕೆ ಎನ್ನುವವರು ತಮ್ಮ ಮಾತಿನ ತೂಕವನ್ನೇ ತಪ್ಪಾಗಿ ಗ್ರಹಿಸಿದ್ದಾರೆ. ದೇಶದ ಒಟ್ಟು ಉತ್ಪಾದನೆ 2024-25ರಲ್ಲಿ ಮೊದಲ ಬಾರಿಗೆ 100 ಕೋಟಿ ಟನ್ ದಾಟಿತು. ಇಷ್ಟು ಟನ್ ಬರುತ್ತಿರುವಾಗಲೇ ವಂತಿಗೆ ಎತ್ತಿಡಬೇಕು. ಗಣಿಗಳು ಮುಚ್ಚಿದ ಮೇಲೆ ಎತ್ತಲು ಏನೂ ಇರುವುದಿಲ್ಲ, ಪಿಂಚಣಿದಾರರು ಮಾತ್ರ ಇರುತ್ತಾರೆ. 2025ರ ಸೆಪ್ಟೆಂಬರ್ 22ರಿಂದ 400 ರೂಪಾಯಿಯ ಸೆಸ್ ರದ್ದಾಗಿದೆ, ಜಿಎಸ್‌ಟಿ ಶೇ 5ರಿಂದ 18ಕ್ಕೆ ಏರಿದೆ. ದರಗಳನ್ನು ಹೀಗೆ ಒಮ್ಮೆಗೇ ಬದಲಿಸಲು ಸಾಧ್ಯವಿದ್ದ ಮೇಲೆ, 1948ರ ಕಲ್ಲಿದ್ದಲು ಗಣಿ ಭವಿಷ್ಯನಿಧಿ ಕಾಯ್ದೆಗೆ ತಿದ್ದುಪಡಿ ತಂದು, ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಪ್ರತಿ ಗಣಿಯ ಪ್ರತಿ ಟನ್ನಿನ ಮೇಲೂ ಪಿಂಚಣಿ ವಂತಿಗೆ ವಿಧಿಸುವುದು ಕಷ್ಟದ ಕೆಲಸವಲ್ಲ. ಎಲ್ಲರಿಗೂ ಪೂರ್ತಿ ತುಟ್ಟಿಭತ್ಯೆ ಒಂದೇ ವರ್ಷದಲ್ಲಿ ಬರಲಾರದು. ಹಾಗಾಗಿ ಹೊಸ ಹಣದ ಮೊದಲ ಪಾಲು ಕನಿಷ್ಠ ಮೊತ್ತದಲ್ಲಿರುವ ವಿಧವೆಯರಿಗೆ, ಎರಡನೆಯದು 2010ಕ್ಕೆ ಮುಂಚೆ ನಿವೃತ್ತರಾದವರಿಗೆ ಹೋಗಬೇಕು. ಅವರಲ್ಲಿ ಹೆಚ್ಚಿನವರು ಎಪ್ಪತ್ತೈದು ದಾಟಿದ್ದಾರೆ, ಇನ್ನೊಂದು ಸಮಿತಿಯ ವರದಿಗೆ ಕಾಯುವಷ್ಟು ವರ್ಷಗಳು ಅವರಿಗೆ ಉಳಿದಿಲ್ಲ.