ಭಾವಚಿತ್ರದಲ್ಲಿ ಹಾಸ್ಯದ ಅಳಿವು-ಉಳಿವು: 'ಸೂದು ಕವ್ವುಂ' ಮತ್ತು ಗಣಕ ಮುಖಚಿತ್ರಕಲೆ

ಚಲನಚಿತ್ರದ ಪಾತ್ರಗಳನ್ನು ಆಧರಿಸಿ ಗಣಕಯಂತ್ರದ ನೆರವಿನಿಂದ ಮುಖಚಿತ್ರಗಳನ್ನು ರಚಿಸುವ ಪದ್ಧತಿ ಇಂದು ಚೆನ್ನೈ ನಗರದಲ್ಲಿ ರೂಢಿಗೆ ಬಂದಿದೆ. ಇದನ್ನು ಕೇವಲ ಅಭಿಮಾನಿಗಳ ಹವ್ಯಾಸವೆಂದು ಬದಿಗಿಡದೆ ರಸದೃಷ್ಟಿಯಿಂದ ಪರಿಶೀಲಿಸುವುದು ಅಗತ್ಯವೆಂದು ನಾವು ಭಾವಿಸುತ್ತೇವೆ. ಅದಕ್ಕೆ 2013ರ ಮೇ 1ರಂದು ತೆರೆಕಂಡ, ನಲನ್ ಕುಮಾರಸ್ವಾಮಿ ನಿರ್ದೇಶನದ 'ಸೂದು ಕವ್ವುಂ' ಎಂಬ ತಮಿಳು ಚಿತ್ರ ತಕ್ಕ ಒರೆಗಲ್ಲಾಗಿದೆ.

ಈ ಶೀರ್ಷಿಕೆಯ ಮೂಲ ಸುಬ್ರಹ್ಮಣ್ಯ ಭಾರತಿಯವರ 'ಪಾಂಚಾಲಿ ಶಪಥಂ'. ತಮಿಳಿನ 'ಸೂದು' ನಮ್ಮ ಹಳಗನ್ನಡದ 'ಜೂದು' ಎಂಬುದರ ಬಳಗದ ಮಾತು. ಆದರೆ ಚಿತ್ರದಲ್ಲಿರುವುದು ಅರಸರ ದ್ಯೂತಸಭೆಯಲ್ಲ. ಚೆನ್ನೈಯ ನಿರುದ್ಯೋಗಿ ಯುವಕರು ಮತ್ತು ಅವರನ್ನು ಕೂಡಿಸಿಕೊಂಡು ಸಣ್ಣಪುಟ್ಟ ಅಪಹರಣ ನಡೆಸುವ ದಾಸ್. ಅಧಿಕಾರಸ್ಥರ ತಂಟೆಗೆ ಹೋಗಬಾರದೆಂಬ ನಿಯಮ ಮಾಡಿಕೊಂಡಿದ್ದ ಈತ, ಮಂತ್ರಿಯ ಮಗನ ಅಪಹರಣಕ್ಕೆ ಒಪ್ಪಿ ತನ್ನ ನಿಯಮವನ್ನು ತಾನೇ ಮುರಿಯುತ್ತಾನೆ. ಇಲ್ಲಿ ನಗೆ ಹುಟ್ಟುವುದು ಈ ನಿಯಮಭಂಗದಿಂದ.

ಭರತನ ನಾಟ್ಯಶಾಸ್ತ್ರ ಹಾಸ್ಯಕ್ಕೆ ವಿಕೃತವಾದ ವೇಷ, ಆಕಾರ, ಚೇಷ್ಟೆಗಳನ್ನು ಕಾರಣವಾಗಿ ಹೇಳುತ್ತದೆ. ದಾಸ್ ಪಾತ್ರಕ್ಕಾಗಿ ವಿಜಯ್ ಸೇತುಪತಿ ತಮ್ಮ ವಯಸ್ಸಿಗೆ ಮೀರಿದ ನರೆಯನ್ನೂ ಬೊಜ್ಜನ್ನೂ ಧರಿಸಿದರು. ಈ ಊನಗಳು ಅಲಂಕಾರವಲ್ಲ, ಪಾತ್ರದ ತಿರುಳು. ಗಣಕ ಚಿತ್ರಕಾರನ ಸಾಧನವಾದರೋ ಊನವನ್ನು ಸುಲಭವಾಗಿ ತೊಡೆದುಹಾಕುತ್ತದೆ. ಗಣಿತೀಯ ವಕ್ರರೇಖೆಗಳಿಂದ ರೂಪುಗೊಂಡ ಮುಖವನ್ನು ಅಂಚೆಚೀಟಿಯ ಅಳತೆಯಿಂದ ಬೀದಿಯ ಫಲಕದ ಅಳತೆಯವರೆಗೆ ಗೆರೆ ಒಡೆಯದಂತೆ ಹಿಗ್ಗಿಸಬಹುದು. ಆದರೆ ನೆರಿಗೆಗಳು ಮೂರುನಾಲ್ಕು ಬಣ್ಣದ ಪದರಗಳಲ್ಲಿ ಕರಗಿಹೋಗುತ್ತವೆ. ಚೌಕುಳಿ ಹಾಕಿ ಛಾಯಾಚಿತ್ರವನ್ನು ಬಟ್ಟೆಯ ಮೇಲೆ ಹಿಗ್ಗಿಸುತ್ತಿದ್ದ ಹಳೆಯ ಮದರಾಸಿನ ಬ್ಯಾನರ್ ಕಲಾವಿದರು ಕೆನ್ನೆಗೆ ಗುಲಾಬಿ, ನೆರಳಿಗೆ ಹಸಿರು ಬಳಿದು ನಾಯಕನನ್ನು ಉಜ್ಜ್ವಲಗೊಳಿಸುತ್ತಿದ್ದರು. ಮುದ್ರಿತ ಫ್ಲೆಕ್ಸ್ ಅವರ ಜೀವನೋಪಾಯವನ್ನು ಕಸಿದುಕೊಂಡಿತು. ನಾಯಕನನ್ನು ಹಿರಿದಾಗಿಸುವ ಅವರ ದೃಷ್ಟಿ ಮಾತ್ರ ಹೊಸ ಸಾಧನದಲ್ಲಿಯೂ ಉಳಿದುಬಂದಿತು. ಕಳ್ಳನಾದ ದಾಸ್ ಧೀರನಾಗಿ ತೋರುವುದು ಇದರ ಫಲ.

'ಕಾಮಸೂತ್ರ'ದ ವ್ಯಾಖ್ಯಾನಕಾರ ಯಶೋಧರನು ಚಿತ್ರದ ಆರು ಅಂಗಗಳಲ್ಲಿ ಭಾವವನ್ನೂ ಸಾದೃಶ್ಯವನ್ನೂ ಪ್ರತ್ಯೇಕವಾಗಿ ಎಣಿಸಿದ್ದಾನೆ. ನಟನ ಹೋಲಿಕೆ ಸಿದ್ಧಿಸಿದ ಮಾತ್ರಕ್ಕೆ ಭಾವ ಸಿದ್ಧಿಸದೆಂಬುದು ಇದರಿಂದ ಸ್ಪಷ್ಟ. ಕನ್ನಡದಲ್ಲಿ ಇಂಥ ಕೃತಿಯನ್ನು 'ಭಾವಚಿತ್ರ'ವೆಂದು ಕರೆಯುವುದು ಅರ್ಥಪೂರ್ಣವಾಗಿದೆ. ಕನ್ನಡ ಚಿತ್ರಗಳಲ್ಲಿಯೂ ನಟಿಸಿರುವ ಸಂಚಿತಾ ಶೆಟ್ಟಿ ಅಭಿನಯಿಸಿದ ಶಾಲು ದಾಸನ ಕಣ್ಣಿಗೆ ಮಾತ್ರ ಕಾಣುವವಳು. ದಾಸನ ದೃಷ್ಟಿ ಅವಳತ್ತ ತಿರುಗಿರಬೇಕು. ಆ ಎಡೆ ನೋಡುಗನಿಗೆ ಬರಿದಾಗಿರಬೇಕು. ಹಾಗೆ ಚಿತ್ರಿಸಿದಲ್ಲಿ ಅವನ ಮರುಳೂ ಒಂಟಿತನವೂ ಒಟ್ಟಿಗೆ ವ್ಯಕ್ತವಾದಾವು. ಯೋಗ್ ಜಪೀ ನಟಿಸಿದ ಪೊಲೀಸ್ ಅಧಿಕಾರಿ ಬ್ರಹ್ಮ ಒಂದು ಮಾತನ್ನೂ ಆಡುವುದಿಲ್ಲ. ಅವನ ಮುಖವನ್ನು ಕೇವಲ ಭಯಾನಕವಾಗಿ ಬರೆದರೆ ಆ ಮೌನದಲ್ಲಿ ಅಡಗಿರುವ ಹಾಸ್ಯ ಕಾಣೆಯಾಗುತ್ತದೆ.

ಚಿತ್ರವು ಸ್ವತಃ ಈ ಅಪಾಯವನ್ನು ಬಲ್ಲದು. ಅದರಲ್ಲಿ ಪಗಲವನ್ ಎಂಬ ಯುವಕ ನಟಿ ನಯನತಾರಾಗೆ ಗುಡಿ ಕಟ್ಟಿ ಊರಿನಿಂದ ಹೊರಬೀಳುತ್ತಾನೆ. ಬಿಂಬವನ್ನು ಪೂಜೆಗೆ ಒಯ್ಯುವವರನ್ನು ನೋಡಿ ನಕ್ಕ ಚಿತ್ರದ ನಾಯಕನನ್ನೇ ಪೂಜಾಬಿಂಬವಾಗಿ ಮಾಡುವುದು ರಸಾಭಾಸವಲ್ಲದೆ ಮತ್ತೇನು? ನಮ್ಮ ಆಕ್ಷೇಪ ಗಣಕಯಂತ್ರದ ಮೇಲಲ್ಲ. ಕುಂಚದಷ್ಟೇ ಸೂಕ್ಷ್ಮವಾಗಿ ನರೆಯೊಂದನ್ನು ಉಳಿಸಬಲ್ಲ ಸಾಧನವದು. ಅದನ್ನು ಉಳಿಸಬೇಕೆಂಬ ವಿವೇಕ ಕಲಾವಿದನಿಗೆ ಇರಬೇಕು. ಅದು ಉಳಿದಿದೆಯೇ ಎಂದು ಕೇಳುವ ಹೊಣೆ ವಿಮರ್ಶೆಗೆ ಸೇರಿದ್ದು.