ಉಷ್ಣ, ಉಷ್ಣತೆ, ಉಷ್ಣಾಂಶ: ಪದ ತಪ್ಪಿದರೆ ಪರಿಕಲ್ಪನೆಯೂ ತಪ್ಪುತ್ತದೆ

'ದಾವಣಗೆರೆಯಲ್ಲಿ ಗರಿಷ್ಠ ಉಷ್ಣಾಂಶ 38 ಡಿಗ್ರಿ' ಎಂಬಂಥ ಸಾಲನ್ನು ಬೇಸಗೆಯ ಸುದ್ದಿಗಳಲ್ಲಿ ನೀವು ಓದಿರುತ್ತೀರಿ. ಇದೇ ಅಳತೆಗೆ ಒಂದು ಪುಸ್ತಕದಲ್ಲಿ 'ಉಷ್ಣತೆ', ಇನ್ನೊಂದರಲ್ಲಿ 'ತಾಪ', ಮತ್ತೊಂದರಲ್ಲಿ 'ತಾಪಮಾನ' ಎಂದಿರುತ್ತದೆ. ಪದಗಳು ಹಲವಿದ್ದರೆ ತೊಂದರೆಯೇನು ಎನ್ನಬಹುದು. ತೊಂದರೆ ಇರುವುದು ಸಂಖ್ಯೆಯಲ್ಲಲ್ಲ, ಅರ್ಥದಲ್ಲಿ. 'ಉಷ್ಣಾಂಶ' ಎಂದರೆ ವಸ್ತುವಿನಲ್ಲಿರುವ ಉಷ್ಣದ ಅಂಶ ಎಂದಾಗುತ್ತದೆ. ಥರ್ಮಾಮೀಟರು ಅಳೆಯುವುದು ಅದನ್ನಲ್ಲ.

ಪರೀಕ್ಷಿಸಿ ನೋಡಿ. ಒಂದು ಕಿಲೋಗ್ರಾಂ ಮಂಜುಗಡ್ಡೆ 0 ಡಿಗ್ರಿ ಸೆಲ್ಸಿಯಸ್‌ನಲ್ಲಿದೆ. ಅದು ಕರಗಿ ಅದೇ 0 ಡಿಗ್ರಿಯ ನೀರಾಗಲು ಸುಮಾರು 334 ಕಿಲೋಜೂಲ್ ಶಕ್ತಿ ಬೇಕು. ಇಷ್ಟು ಶಕ್ತಿ ಒಳಹೊಕ್ಕರೂ ಥರ್ಮಾಮೀಟರಿನ ಪಾದರಸ ಕದಲುವುದಿಲ್ಲ. ಅದು ತೋರಿಸುವುದು 'ಅಂಶ'ವಾಗಿದ್ದರೆ ಹೀಗಾಗುತ್ತಿತ್ತೇ?

ಹಾಗಾದರೆ ಉಷ್ಣವೆಂದರೇನು? 'ಉಷ್ಣವು ಶಕ್ತಿಯ ಒಂದು ರೂಪ' ಎಂಬ ವ್ಯಾಖ್ಯೆ ನಮಗೆಲ್ಲ ಬಾಯಿಪಾಠ. ಅದು ಅರ್ಧ ಮಾತ್ರ ಸರಿ. ದಾವಣಗೆರೆಯ ಮಂಡಕ್ಕಿ ಭಟ್ಟಿಯನ್ನೇ ತೆಗೆದುಕೊಳ್ಳೋಣ. ಕಾದ ಮರಳಿಗೆ ಬಿದ್ದ ಅಕ್ಕಿ ಕ್ಷಣಗಳಲ್ಲಿ ಅರಳುತ್ತದೆ. ಇಲ್ಲಿ ಉಷ್ಣ ಎಷ್ಟು ಎಂದು ಕೇಳಿದರೆ, 'ಯಾವ ವ್ಯವಸ್ಥೆಗೆ?' ಎಂದು ಮೊದಲು ಮರುಪ್ರಶ್ನೆ ಹಾಕಬೇಕು. ಅಕ್ಕಿ ಮತ್ತು ಅದರೊಳಗಿನ ತೇವವನ್ನು ವ್ಯವಸ್ಥೆ ಎಂದು ಆರಿಸಿದರೆ ಮರಳು ಅದರ ಪರಿಸರ. ತಾಪದ ವ್ಯತ್ಯಾಸದಿಂದಾಗಿ ಎಲ್ಲೆ ದಾಟಿ ಬರುವ ಶಕ್ತಿಯೇ ಉಷ್ಣ. ತೇವ ಆವಿಯಾಗಿ ಕಾಳು ಉಬ್ಬುವಾಗ ಸುತ್ತಲ ಗಾಳಿಯನ್ನು ದೂಡುತ್ತದೆ. ಅದು ವ್ಯವಸ್ಥೆ ಮಾಡಿದ ಕೆಲಸ. ಬಂದ ಉಷ್ಣದಲ್ಲಿ ಈ ಕೆಲಸವನ್ನು ಕಳೆದರೆ ಉಳಿಯುವುದು ಆಂತರಿಕ ಶಕ್ತಿಯ ಹೆಚ್ಚಳ. ಇದೇ ಮೊದಲನೆಯ ನಿಯಮ. ಅಕ್ಕಿ, ಮರಳು ಎರಡನ್ನೂ ಕೂಡಿಸಿ ಒಂದೇ ವ್ಯವಸ್ಥೆ ಎಂದುಕೊಂಡರೆ, ಅವುಗಳ ನಡುವಿನ ವಿನಿಮಯ ಮನೆಯೊಳಗಿನ ವ್ಯವಹಾರವಾಗಿ ಲೆಕ್ಕದಿಂದ ಬಿಟ್ಟುಹೋಗುತ್ತದೆ!

ಆದ್ದರಿಂದ ಉಷ್ಣವು ವಸ್ತುವಿನಲ್ಲಿ ಕೂಡಿಟ್ಟ ಸರಕಲ್ಲ. ಎಲ್ಲೆ ದಾಟುವ ಶಕ್ತಿಗೆ ಇಟ್ಟ ಹೆಸರು. ಒಳಗಿರುವುದು ಆಂತರಿಕ ಶಕ್ತಿ. ಹದಿನೆಂಟನೆಯ ಶತಮಾನದಲ್ಲಿ ಉಷ್ಣವನ್ನು 'ಕ್ಯಾಲೊರಿಕ್' ಎಂಬ ದ್ರವವೆಂದು ಬಗೆದಿದ್ದರು. ಫಿರಂಗಿ ಕೊರೆಯುವಾಗ ಮುಗಿಯದಷ್ಟು ಉಷ್ಣ ಹುಟ್ಟುವುದನ್ನು 1798ರಲ್ಲಿ ರಮ್‌ಫೋರ್ಡ್ ವರದಿ ಮಾಡಿದ. 1840ರ ದಶಕದಲ್ಲಿ ಜೂಲ್ ನೀರನ್ನು ಕಡೆದೇ ಬಿಸಿಮಾಡಿದ. ಹಾಗೆ ಬೆಚ್ಚಗಾದ ನೀರಿಗೂ ಒಲೆಯ ಮೇಲೆ ಅಷ್ಟೇ ಬೆಚ್ಚಗಾದ ನೀರಿಗೂ ಭೇದವಿಲ್ಲ. ವಿಜ್ಞಾನ ಅಂದೇ ಕೈಬಿಟ್ಟ ದ್ರವವನ್ನು 'ಉಷ್ಣಾಂಶ' ಎಂಬ ಪದ ಹಿಂಬಾಗಿಲಿನಿಂದ ಒಳಗೆ ಕರೆಯುತ್ತದೆ. 'ಗುಪ್ತೋಷ್ಣ'ವೂ ಅದೇ ಕಾಲದ ಪಳೆಯುಳಿಕೆ. ಅದನ್ನು ಬಿಡಲಾಗದಿದ್ದರೆ ಎಚ್ಚರಿಕೆಯ ಮಾತಿನೊಂದಿಗೆ ಬಳಸೋಣ.

ತಾಪದ ವ್ಯಾಖ್ಯೆಯೂ ಸೊರಗಿದೆ. 'ಬಿಸಿ ಅಥವಾ ತಂಪಿನ ಮಟ್ಟ' ಎಂದರೆ ಸಾಕೇ? ಹರಿಹರ ತಾಲ್ಲೂಕಿನ ನಂದಿಗುಡಿಯ ರೈತರ ಮನೆಯಲ್ಲಿ ರಾತ್ರಿಯಿಡೀ ಇದ್ದ ಕುಡುಗೋಲನ್ನು ಚಳಿಗಾಲದ ಬೆಳಗ್ಗೆ ಮುಟ್ಟಿ ನೋಡಿ. ಅಲಗು ತಣ್ಣಗೆ, ಮರದ ಹಿಡಿ ಬೆಚ್ಚಗೆ ಎನಿಸುತ್ತದೆ. ಎರಡರ ತಾಪವೂ ಒಂದೇ! ಕಬ್ಬಿಣ ಕೈಯಿಂದ ಶಕ್ತಿಯನ್ನು ಬೇಗ ಒಯ್ಯುತ್ತದೆ, ಅಷ್ಟೆ. ಪರಸ್ಪರ ತಾಗಿದರೂ ಯಾವುದರಿಂದ ಯಾವುದಕ್ಕೂ ನಿವ್ವಳ ಉಷ್ಣ ಹರಿಯದಿದ್ದರೆ ಅವುಗಳ ತಾಪ ಸಮ ಎಂಬುದೇ ಗಟ್ಟಿ ವ್ಯಾಖ್ಯೆ. ಎ ಮತ್ತು ಬಿ ಎರಡೂ ಸಿ ಜೊತೆ ಹೀಗೆ ಸಮಸ್ಥಿತಿಯಲ್ಲಿದ್ದರೆ ತಮ್ಮೊಳಗೂ ಸಮಸ್ಥಿತಿಯಲ್ಲಿರುತ್ತವೆ ಎನ್ನುವ ಶೂನ್ಯ ನಿಯಮ ಇದಕ್ಕೆ ಆಧಾರ. ಆ 'ಸಿ'ಯೇ ನಮ್ಮ ಥರ್ಮಾಮೀಟರು.

ನಂದಿಗುಡಿಯಂಥ ಊರಿನಿಂದ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಗೆ ಬರುವ ವಿದ್ಯಾರ್ಥಿ ಇಂಗ್ಲಿಷಿನೊಡನೆ ಸೆಣಸಬೇಕಾಗುತ್ತದೆ. ಕನ್ನಡದಲ್ಲೇ ಕಲಿತ ಪರಿಕಲ್ಪನೆ ಗೋಜಲಾಗಿದ್ದರೆ ಅವನ ಹೊರೆ ಎರಡಾಗುತ್ತದೆ. ತಪ್ಪು ಭಾಷೆಯದಲ್ಲ, ಬಳಸುವ ನಮ್ಮದು. ಶಿಕ್ಷಕರೇ, ದಾಟುವ ಶಕ್ತಿಗೆ 'ಉಷ್ಣ', ಥರ್ಮಾಮೀಟರು ತೋರುವುದಕ್ಕೆ 'ತಾಪ', ಒಳಗಿರುವುದಕ್ಕೆ 'ಆಂತರಿಕ ಶಕ್ತಿ' ಎಂದು ಒಂದಕ್ಕೆ ಒಂದೇ ಪದ ಬಳಸಿ. ಕರಿಹಲಗೆಯ ಮೇಲೆ ವ್ಯವಸ್ಥೆಯ ಎಲ್ಲೆಯನ್ನು ಮೊದಲು ಎಳೆಯಿರಿ. ಸೂತ್ರ ಆಮೇಲೆ ಬರಲಿ.